ಚಿನ್ನಕ್ಕೂ ಕಿಲುಬು ಹಿಡಿಯುತ್ತದೆಯೇ? ಬಸದಿಯ ಬಂಗಾರದ ಲೇಪ ಮತ್ತು ಅದರ ಮೇಲಿನ ತೆಳುಪೊರೆ

ಬಸದಿಯ ಶಿಖರದ ಕಲಶಕ್ಕೋ, ಜಿನಬಿಂಬದ ಮುಕ್ಕೊಡೆಗೋ, ಪದ್ಮಾವತಿ ಅಮ್ಮನವರ ಪ್ರಭಾವಳಿಗೋ ಚಿನ್ನದ ಲೇಪ ಮಾಡಿಸಿ ನಾಲ್ಕಾರು ವರ್ಷ ಕಳೆದಿರುತ್ತದೆ. ಒಂದು ದಿನ ಯಾರದೋ ಕಣ್ಣಿಗೆ ಅಲ್ಲಲ್ಲಿ ಕಂದು ಮಚ್ಚೆ, ಅಂಚಿನಲ್ಲಿ ಹಸಿರು ಛಾಯೆ ಬೀಳುತ್ತದೆ. ಆಗ ಊರಿನಲ್ಲಿ ಏಳುವ ಮೊದಲ ಮಾತು ಒಂದೇ: ಚಿನ್ನದಲ್ಲಿ ಮೋಸ ಆಗಿದೆ. ದಾನಿಗಳಿಗೆ ಬೇಸರ, ಸಮಿತಿಯವರಿಗೆ ಮುಜುಗರ, ಕೆಲಸ ಮಾಡಿದ ಅಕ್ಕಸಾಲಿಗೆ ಕೆಟ್ಟ ಹೆಸರು. ಯಾರೋ ಕೈಯಲ್ಲಿ ಹಿಡಿಯುವ ಪರೀಕ್ಷಾ ಯಂತ್ರ ತರಿಸುತ್ತಾರೆ. ಅದು ಚಿನ್ನದ ಅಂಶ ಕಡಿಮೆ ಎಂದು ತೋರಿಸುತ್ತದೆ. ಅಲ್ಲಿಗೆ ಅನುಮಾನ ತೀರ್ಮಾನವೇ ಆಗಿಬಿಡುತ್ತದೆ.

ಮೋಸ ನಡೆಯುವುದೇ ಇಲ್ಲ ಎಂದಲ್ಲ. ಆದರೆ ಮಚ್ಚೆ ಬಿದ್ದದ್ದಾಗಲಿ, ಯಂತ್ರ ಕಡಿಮೆ ತೋರಿಸಿದ್ದಾಗಲಿ ತಮ್ಮಷ್ಟಕ್ಕೆ ಮೋಸದ ಸಾಕ್ಷಿಯಲ್ಲ. ಏಕೆ ಎಂಬುದನ್ನು ತಿಳಿಯಬೇಕಾದರೆ ಚಿನ್ನದ ಮೇಲೆ ಪೊರೆ ಹೇಗೆ ಕಟ್ಟುತ್ತದೆ, ಆ ಪೊರೆಯನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ನೋಡಬೇಕು.

ಕೆಸರಿನಲ್ಲಿ ಬಿದ್ದ ಚಿನ್ನ

ಆಚಾರ್ಯ ಕುಂದಕುಂದರ ಸಮಯಸಾರದ ನಿರ್ಜರಾ ಅಧಿಕಾರದಲ್ಲಿ ಬರುವ ದೃಷ್ಟಾಂತ ಸ್ವಾಧ್ಯಾಯ ಮಾಡುವವರಿಗೆ ಪರಿಚಿತ. ಕೆಸರಿನಲ್ಲಿ ಬಿದ್ದ ಚಿನ್ನ ಮತ್ತು ಕೆಸರಿನಲ್ಲಿ ಬಿದ್ದ ಕಬ್ಬಿಣ, ಇವೆರಡನ್ನೂ ಜ್ಞಾನಿ ಮತ್ತು ಅಜ್ಞಾನಿಗೆ ಹೋಲಿಸಲಾಗಿದೆ. ಕರ್ಮದ ನಡುವೆ ಇದ್ದೂ ಜ್ಞಾನಿಗೆ ಅದು ಅಂಟುವುದಿಲ್ಲ, ಅಜ್ಞಾನಿಗೆ ಅಂಟುತ್ತದೆ. ದೃಷ್ಟಾಂತವಾಗಿ ಮಾತ್ರವಲ್ಲ, ಲೋಹದ ಗುಣವಾಗಿಯೂ ಇದು ಸರಿಯಾದ ಗಮನಿಕೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರ ಕಿಲುಬುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಅಪರಂಜಿ ನೂರಾರು ವರ್ಷ ನೆಲದಲ್ಲಿ ಹೂತಿದ್ದರೂ ಹಾಗೇ ಹೊರಬರುತ್ತದೆ.

ಇದಕ್ಕೆ ಕಾರಣ ಚಿನ್ನದ ಪರಮಾಣುವಿನ ರಚನೆಯಲ್ಲಿದೆ. ಗಾಳಿಯಲ್ಲಿ ಆಮ್ಲಜನಕ ಎರಡೆರಡು ಪರಮಾಣುಗಳ ಜೋಡಿಯಾಗಿ ಇರುತ್ತದೆ. ಯಾವುದೇ ಲೋಹದ ಮೇಲೆ ಆಕ್ಸೈಡ್ ಕಟ್ಟಬೇಕಾದರೆ ಮೊದಲು ಈ ಜೋಡಿ ಲೋಹದ ಮೈಮೇಲೆ ಕುಳಿತು ಒಡೆಯಬೇಕು. ಕಬ್ಬಿಣ, ತಾಮ್ರಗಳ ಮೇಲೆ ಅದು ಸುಲಭವಾಗಿ ಒಡೆಯುತ್ತದೆ. ಚಿನ್ನದ ಮೇಲೆ ಅದು ಸರಿಯಾಗಿ ಕೂರುವುದೇ ಇಲ್ಲ. ಚಿನ್ನದ ಹೊರಮೈಯ ಎಲೆಕ್ಟ್ರಾನುಗಳ ಜೋಡಣೆ ಬಂದ ಅಣುವನ್ನು ಹಿಡಿಯುವ ಬದಲು ತಳ್ಳುವಂತಿದೆ. ಚಿನ್ನವೇ ಎಲ್ಲ ಲೋಹಗಳಲ್ಲಿ ಅತ್ಯಂತ ನಿರ್ಲಿಪ್ತವಾಗಿರುವುದು ಏಕೆ ಎಂಬುದನ್ನು ಹ್ಯಾಮರ್ ಮತ್ತು ನಾರ್ಸ್ಕೋವ್ ಎಂಬ ಇಬ್ಬರು ವಿಜ್ಞಾನಿಗಳು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ದಾರಿಯಲ್ಲೇ ವಿವರಿಸಿದರು. ಇನ್ನೊಂದು ಸಂಗತಿಯೂ ಇದೆ. ಒತ್ತಾಯದಿಂದ ಆಕ್ಸೈಡ್ ಕಟ್ಟಿಸಿದರೂ ಅದು ಗಟ್ಟಿಯಾಗಿ ನಿಲ್ಲುವ ವಸ್ತುವಲ್ಲ. ಕಬ್ಬಿಣದ ತುಕ್ಕು ಮತ್ತೆ ತಾನಾಗಿ ಕಬ್ಬಿಣವಾಗುವುದಿಲ್ಲ. ಚಿನ್ನದ ಆಕ್ಸೈಡ್ ಮಾತ್ರ 150-160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಸಿದರೆ ಆಮ್ಲಜನಕವನ್ನು ಬಿಟ್ಟುಕೊಟ್ಟು ಮತ್ತೆ ಚಿನ್ನವಾಗುತ್ತದೆ.

ಚಿನ್ನದ ಆಕ್ಸೈಡ್ ಎಲ್ಲಿ ಹುಟ್ಟುತ್ತದೆ

ಆದರೂ ಚಿನ್ನದ ಆಕ್ಸೈಡ್ ಎಂಬುದು ಇದೆ. ಎರಡು ಚಿನ್ನದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣು ಸೇರಿದ ಕಂದು ಬಣ್ಣದ ವಸ್ತು ಅದು. ಅದನ್ನು ಕಟ್ಟಿಸಲು ಸಾಮಾನ್ಯ ಗಾಳಿ ಸಾಲದು, ಆಮ್ಲಜನಕ ಮೊದಲೇ ಒಡೆದು ಬರಬೇಕು. ಪ್ರಯೋಗಾಲಯದಲ್ಲಿ ಇದಕ್ಕೆ ಮುಖ್ಯವಾಗಿ ಮೂರು ದಾರಿ. ಒಂದು, ನೇರಳಾತೀತ ಬೆಳಕು ಮತ್ತು ಓಝೋನ್. ಎರಡು, ಆಮ್ಲಜನಕದ ಪ್ಲಾಸ್ಮಾ. ಮೂರು, ಚಿನ್ನದ ತಗಡನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಇಳಿಬಿಟ್ಟು ವಿದ್ಯುತ್ ಹಾಯಿಸುವುದು.

ಮೊದಲ ದಾರಿಯಲ್ಲಿ ಕೋಣೆಯ ಉಷ್ಣತೆಯಲ್ಲೇ ಪೊರೆ ಕಟ್ಟುತ್ತದೆ ಎಂಬುದನ್ನು 1995ರಲ್ಲೇ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆ ಪೊರೆಯ ದಪ್ಪ ಎರಡು ನ್ಯಾನೋಮೀಟರಿಗಿಂತಲೂ ಕಡಿಮೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಮೈಕ್ರಾನ್, ಮೈಕ್ರಾನಿನ ಸಾವಿರದ ಒಂದು ಪಾಲು ನ್ಯಾನೋಮೀಟರ್. ಅಂದರೆ ಚಿನ್ನದ ಮೇಲಿನ ಈ ಪೊರೆ ಕೆಲವೇ ಪರಮಾಣುಗಳಷ್ಟು ದಪ್ಪ. ಕಣ್ಣಿಗೆ ಅದು ಕಾಣುವುದಿಲ್ಲ, ಹೊಳಪನ್ನೂ ಕುಂದಿಸುವುದಿಲ್ಲ. ಎಲೆಕ್ಟ್ರಾನಿಕ್ ಬಿಡಿಭಾಗ ಮತ್ತು ಸೆನ್ಸರ್ ತಯಾರಿಸುವವರಿಗೆ ಇದು ತಲೆನೋವಿನ ವಿಷಯ, ಏಕೆಂದರೆ ಅಲ್ಲಿ ಒಂದೆರಡು ಪರಮಾಣುಗಳ ಪೊರೆಯೂ ಬೆಸುಗೆಯನ್ನು, ವಿದ್ಯುತ್ ಸಂಪರ್ಕವನ್ನು ಕೆಡಿಸಬಲ್ಲದು. ಬಸದಿಯ ಕಲಶಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ.

ಮನೆಯಲ್ಲೇ ಗಮನಿಸಬಹುದಾದ ಒಂದು ಸಂಗತಿ ಇಲ್ಲಿ ಹೇಳಬೇಕು. ಬಳೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದೆ. ಇದು ಚಿನ್ನದ ಸ್ವಭಾವವೆಂದೇ ಬಹುಕಾಲ ವಾದವಿತ್ತು. ನಿಜಕ್ಕೂ ಪೂರ್ತಿ ಶುದ್ಧವಾದ ಚಿನ್ನದ ಮೇಲೆ ನೀರು ಹರಡಿಕೊಳ್ಳುತ್ತದೆ. ಹನಿ ಕಟ್ಟುವುದು ಗಾಳಿಯಿಂದಲೂ ಚರ್ಮದಿಂದಲೂ ಬಂದು ಕೂತ ಅತಿ ತೆಳುವಾದ ಜಿಡ್ಡಿನಿಂದ. ಗಾಳಿಗೆ ತೆರೆದಿಟ್ಟ ಚಿನ್ನದ ಮೇಲೆ ಸದಾ ಇರುವ ಪೊರೆ ಆಕ್ಸೈಡಿನದಲ್ಲ, ಈ ಜಿಡ್ಡಿನದು.

ಹಾಗಾದರೆ ಕಪ್ಪು ಎಲ್ಲಿಂದ ಬಂತು

ಕಣ್ಣಿಗೆ ಕಾಣುವ ಮಚ್ಚೆ ಚಿನ್ನದ್ದಲ್ಲ, ಚಿನ್ನದ ಜೊತೆಗಿರುವ ಅಥವಾ ಅದರ ಅಡಿಯಲ್ಲಿರುವ ಲೋಹದ್ದು. ನಮ್ಮ ಹಳೆಯ ಮಾತಿನಲ್ಲಿ ಕಿಟ್ಟ-ಕಾಳಿಕೆ.

ಒಡವೆಯ ಮಾತು ಮೊದಲು. 22 ಕ್ಯಾರಟ್ ಚಿನ್ನವೆಂದರೆ ಸಾವಿರದಲ್ಲಿ 916 ಪಾಲು ಚಿನ್ನ, ಉಳಿದ 84 ಪಾಲು ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ಅಕ್ಕಸಾಲಿ ಇದನ್ನು ಬೆಂಕಿಯಲ್ಲಿ ಕಾಸಿದಾಗ ಮೈ ಕಪ್ಪಾಗುತ್ತದೆ. ಅದು ಹೊರಮೈಯಲ್ಲಿರುವ ತಾಮ್ರ ಗಾಳಿಯೊಂದಿಗೆ ಸೇರಿ ಆದ ತಾಮ್ರದ ಆಕ್ಸೈಡ್. ಆಮ್ಲದಲ್ಲಿ ಅದ್ದಿ ತೆಗೆದಾಗ ಆ ಆಕ್ಸೈಡ್ ಕರಗಿ ಹೋಗುತ್ತದೆ. ಹೋಗುವಾಗ ಹೊರಮೈಯ ತಾಮ್ರವನ್ನಷ್ಟು ಒಯ್ಯುವುದರಿಂದ ಮೇಲಿನ ಪದರದಲ್ಲಿ ಚಿನ್ನದ ಪಾಲು ಸ್ವಲ್ಪ ಏರುತ್ತದೆ. ಕಾಸುವುದು, ಆಮ್ಲಕ್ಕೆ ಅದ್ದುವುದು ಇವನ್ನು ಮತ್ತೆ ಮತ್ತೆ ಮಾಡಿದರೆ ಒಳಗಿರುವುದಕ್ಕಿಂತ ಹೊರಮೈ ಹೆಚ್ಚು ಬಂಗಾರವಾಗಿ ಕಾಣುತ್ತದೆ. ಬೆಳ್ಳಿ ಬೆರೆತ ಚಿನ್ನದ ಕತೆ ಬೇರೆ: ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯನ್ನು ಹಿಡಿಯುತ್ತದೆ. ಈಜಿಪ್ಟಿನ ಕೆಲವು ಪುರಾತನ ಚಿನ್ನದ ವಸ್ತುಗಳ ಮೇಲಿರುವ ಕೆಂಪು ಛಾಯೆ ಹೀಗೆ ಬೆಳ್ಳಿ, ಚಿನ್ನ, ಗಂಧಕ ಸೇರಿ ಆದ ತೆಳುಪೊರೆಯೆಂದು ಪರೀಕ್ಷೆಯಿಂದ ತಿಳಿದಿದೆ.

ಬಸದಿಯ ವಸ್ತುಗಳಲ್ಲಿ ವಿಷಯ ಹೆಚ್ಚು ಗಂಭೀರ, ಏಕೆಂದರೆ ಅಲ್ಲಿ ಚಿನ್ನ ಒಂದು ತೆಳುಹೊದಿಕೆ ಮಾತ್ರ. ಒಳಗಿರುವುದು ತಾಮ್ರ, ಹಿತ್ತಾಳೆ, ಪಂಚಲೋಹ ಅಥವಾ ಬೆಳ್ಳಿ. ಹೊದಿಕೆಯ ದಪ್ಪ ವಿಧಾನದ ಮೇಲೆ ಹೋಗುತ್ತದೆ. ಹಿಂದೆ ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು, ಕಾಸಿ ಪಾದರಸ ಹಾರಿಸಿ ಮಾಡುತ್ತಿದ್ದ ಮುಲಾಮು ಕೆಲವು ಮೈಕ್ರಾನ್ ದಪ್ಪ ಬರುತ್ತಿತ್ತು. ಬಡಿದು ಮಾಡಿದ ಚಿನ್ನದ ರೇಕು ಮೈಕ್ರಾನಿನ ಹತ್ತನೇ ಒಂದು ಪಾಲಿನ ಆಸುಪಾಸು. ಇಂದು ವಿದ್ಯುತ್ತಿನಿಂದ ಮಾಡುವ ಅಗ್ಗದ ಅಲಂಕಾರಿಕ ಲೇಪವೂ ಅರ್ಧ ಮೈಕ್ರಾನ್ ದಾಟುವುದಿಲ್ಲ. ಹೋಲಿಕೆಗೆ, ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. (ಪಾದರಸದ ಮುಲಾಮು ಗಟ್ಟಿ ಎಂಬ ಕಾರಣಕ್ಕೆ ಅದೇ ಬೇಕೆನ್ನುವವರು ಇಂದಿಗೂ ಇದ್ದಾರೆ. ಅದರ ಹಬೆ ಕೆಲಸಗಾರನ ನರಮಂಡಲವನ್ನೇ ಕೆಡಿಸುವ ವಿಷ. ಅಹಿಂಸೆಯ ನೆಲೆಯಾದ ಜಿನಾಲಯಕ್ಕೆ ಆ ಹೊಳಪು ಬೇಡ.)

ಇಷ್ಟು ತೆಳುವಾದ ಹೊದಿಕೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅಭಿಷೇಕದ ಹಾಲು, ಮೊಸರು, ಎಳನೀರು, ಕಬ್ಬಿನ ರಸ ಇವುಗಳಲ್ಲಿ ಆಮ್ಲವೂ ಉಪ್ಪಿನ ಅಂಶವೂ ಉಂಟು. ತೊಳೆದು ಒರೆಸದೆ ಬಿಟ್ಟರೆ ಅದು ರಂಧ್ರದಲ್ಲಿ ಇಳಿದು ಅಡಿಯ ತಾಮ್ರವನ್ನು ಮುಟ್ಟುತ್ತದೆ. ತಾಮ್ರ, ಚಿನ್ನ, ನಡುವೆ ಉಪ್ಪುನೀರು: ಇದೊಂದು ಪುಟ್ಟ ಬ್ಯಾಟರಿ. ಈ ಜೋಡಿಯಲ್ಲಿ ಸವೆಯುವುದು ಯಾವಾಗಲೂ ತಾಮ್ರವೇ. ಬರಿಯ ತಾಮ್ರಕ್ಕಿಂತ ಚಿನ್ನ ಹೊದ್ದ ತಾಮ್ರ ಆ ರಂಧ್ರದ ಜಾಗದಲ್ಲಿ ಬೇಗ ಕೊರೆದುಹೋಗುತ್ತದೆ. ಹಾಗೆ ಕರಗಿದ ತಾಮ್ರ ರಂಧ್ರದಿಂದ ಮೇಲೆ ಬಂದು, ಚಿನ್ನದ ಮೇಲೆ ಕಂದು ಅಥವಾ ಹಸಿರು ಕಿಲುಬಾಗಿ ಹರಡುತ್ತದೆ.

ನೀರೇ ಇಲ್ಲದಿದ್ದರೂ ತಾಮ್ರ ಮೇಲೇರುತ್ತದೆ. ಚಿನ್ನ ಸೂಕ್ಷ್ಮ ಹರಳುಗಳ ಜೋಡಣೆ. ಹರಳಿಗೂ ಹರಳಿಗೂ ನಡುವಿನ ಸಂದಿನಲ್ಲಿ ತಾಮ್ರದ ಪರಮಾಣುಗಳು ನಿಧಾನವಾಗಿ ತೆವಳುತ್ತವೆ. ಬಿಸಿ ಹೆಚ್ಚಾದಷ್ಟೂ ವೇಗ ಹೆಚ್ಚು. ಮೇಲೆ ಬಂದು ಗಾಳಿ ಸೋಕಿದ ಕೂಡಲೇ ಅವು ಆಕ್ಸೈಡ್ ಆಗುತ್ತವೆ. ಈ ಕಾರಣಕ್ಕೇ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ತಾಮ್ರ ಮತ್ತು ಚಿನ್ನದ ನಡುವೆ ನಿಕ್ಕಲ್ ಪದರ ಹಾಕುತ್ತಾರೆ. ಕಲಶಕ್ಕೆ ಲೇಪ ಮಾಡಿಸುವಾಗ ಈ ಒಂದು ಪ್ರಶ್ನೆಯನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಪೊರೆಯನ್ನು ನೋಡುವ ಬಗೆ

ಚಿನ್ನದ ಪರೀಕ್ಷೆ ಜೈನ ಸಮಾಜಕ್ಕೆ ಹೊಸದಲ್ಲ. ದೆಹಲಿಯಲ್ಲಿ ಅಲಾವುದ್ದೀನ್ ಖಲ್ಜಿಯ ಆಡಳಿತದಲ್ಲಿ ಕೆಲಸ ಮಾಡಿದ ಶ್ರಾವಕ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥ ಬರೆದ. ಆ ಕಾಲದಲ್ಲಿ ಚಲಾವಣೆಯಲ್ಲಿದ್ದ ಹಲವು ರಾಜ್ಯಗಳ ನಾಣ್ಯಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರ ಎಷ್ಟೆಷ್ಟು ಎಂಬುದರ ಲೆಕ್ಕ ಅದರಲ್ಲಿದೆ. ಆತನಿಗೆ ಇದ್ದ ಸಾಧನ ಬೆಂಕಿ, ತಕ್ಕಡಿ ಮತ್ತು ಒರೆಗಲ್ಲು. ಇಂದಿನ ಸಾಧನಗಳು ಬೇರೆ. ಆದರೆ ಯಾವ ಸಾಧನ ಎಷ್ಟು ಆಳ ನೋಡುತ್ತದೆ ಎಂಬುದು ತಿಳಿಯದೆ ಇದ್ದರೆ ಅವೇ ದಾರಿ ತಪ್ಪಿಸುತ್ತವೆ.

ಆಭರಣದಂಗಡಿಗಳಲ್ಲಿ ಕಾಣುವುದು ಎಕ್ಸ್‌ಆರ್‌ಎಫ್ ಯಂತ್ರ. ಅದು ವಸ್ತುವಿನ ಮೇಲೆ ಎಕ್ಸ್-ಕಿರಣ ಹಾಯಿಸುತ್ತದೆ. ಪ್ರತಿಯೊಂದು ಧಾತುವೂ ತನ್ನದೇ ಗುರುತಿನ ಎಕ್ಸ್-ಕಿರಣವನ್ನು ಹಿಂದಕ್ಕೆ ಸೂಸುತ್ತದೆ. ವಸ್ತುವಿಗೆ ಹಾನಿಯಿಲ್ಲ, ಅರ್ಧ ನಿಮಿಷದ ಕೆಲಸ. ಚಿನ್ನದಲ್ಲಿ ಅದು ಕೆಲವು ಮೈಕ್ರಾನಿನಷ್ಟು ಆಳದವರೆಗೆ ನೋಡುತ್ತದೆ. ತೊಡಕು ಇರುವುದು ಇಲ್ಲೇ. ಲೇಪ ಅರ್ಧ ಮೈಕ್ರಾನ್ ಇದ್ದರೆ ಕಿರಣ ಅದನ್ನು ದಾಟಿ ತಾಮ್ರವನ್ನೂ ನೋಡುತ್ತದೆ. ಯಂತ್ರವನ್ನು ಒಡವೆಯ ಶುದ್ಧತೆ ಅಳೆಯುವ ಕ್ರಮದಲ್ಲಿ ಇಟ್ಟಿದ್ದರೆ ಅದು ಎರಡನ್ನೂ ಬೆರೆಸಿ, ಇಡೀ ವಸ್ತು ಕೀಳು ಮಿಶ್ರಲೋಹ ಎಂಬಂತೆ ಶೇಕಡಾವಾರು ಹೇಳುತ್ತದೆ. ಲೇಪದ ಚಿನ್ನ ಅಪರಂಜಿಯೇ ಆಗಿದ್ದರೂ ಹೀಗೇ ಆಗುತ್ತದೆ. ಅದೇ ಯಂತ್ರವನ್ನು ಲೇಪದ ದಪ್ಪ ಅಳೆಯುವ ಕ್ರಮಕ್ಕೆ ಹಾಕಿ, ಅಡಿಯ ಲೋಹ ಯಾವುದೆಂದು ತಿಳಿಸಿದರೆ ಉತ್ತರ ಸರಿಯಾಗಿ ಬರುತ್ತದೆ. ಊರೂರುಗಳಲ್ಲಿ ಎದ್ದ ಎಷ್ಟೋ ಜಗಳಗಳ ಮೂಲ ಈ ಒಂದು ಗುಂಡಿಯ ಆಯ್ಕೆಯಲ್ಲಿರಬಹುದು. ಈ ಯಂತ್ರದಿಂದ ಇನ್ನೊಂದು ಲಾಭವಿದೆ: ಹಳೆಯ ಬಿಂಬದಲ್ಲಿ ಪಾದರಸದ ಗುರುತು ಕಂಡರೆ ಅದು ಮುಲಾಮಿನ ಕೆಲಸವೆಂದು ಬಹುಮಟ್ಟಿಗೆ ಹೇಳಬಹುದು.

ಆದರೆ ಮೇಲಿನ ಪೊರೆ ಏನೆಂದು ಎಕ್ಸ್‌ಆರ್‌ಎಫ್ ಹೇಳಲಾರದು. ತಾಮ್ರ ಇದೆ ಎಂದಷ್ಟೇ ಅದು ಹೇಳುತ್ತದೆ. ಲೋಹವಾಗಿ ಅಡಿಯಲ್ಲಿದೆಯೋ, ಆಕ್ಸೈಡ್ ಆಗಿ ಮೇಲಿದೆಯೋ ತಿಳಿಯುವುದಿಲ್ಲ. ಅದಕ್ಕಿರುವುದು ಎಕ್ಸ್-ರೇ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ, ಚಿಕ್ಕದಾಗಿ ಎಕ್ಸ್‌ಪಿಎಸ್. ಸ್ವೀಡನ್ನಿನ ಕಾಯ್ ಸೀಗ್‌ಬಾನ್ ಇದನ್ನು ಬೆಳೆಸಿದ್ದಕ್ಕಾಗಿ 1981ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಉಪಕರಣವಿದೆ.

ಇದರ ತತ್ತ್ವ ಸರಳ. ಗೊತ್ತಿರುವ ಶಕ್ತಿಯ ಎಕ್ಸ್-ಕಿರಣ ಬಿದ್ದಾಗ ಪರಮಾಣುವಿನಿಂದ ಎಲೆಕ್ಟ್ರಾನ್ ಸಿಡಿದು ಬರುತ್ತದೆ. ಕೊಟ್ಟ ಶಕ್ತಿಯಲ್ಲಿ ಅದು ಹೊತ್ತು ತಂದ ಶಕ್ತಿಯನ್ನು ಕಳೆದರೆ, ಪರಮಾಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂಬುದು ಸಿಗುತ್ತದೆ. ಲೋಹರೂಪದ ಚಿನ್ನದ ಒಂದು ನಿರ್ದಿಷ್ಟ ಎಲೆಕ್ಟ್ರಾನಿಗೆ ಈ ಬಿಗಿ 84 ಎಲೆಕ್ಟ್ರಾನ್‌ವೋಲ್ಟ್. ಆಮ್ಲಜನಕದೊಂದಿಗೆ ಸೇರಿದ ಚಿನ್ನ ತನ್ನ ಎಲೆಕ್ಟ್ರಾನುಗಳ ಪಾಲನ್ನು ಬಿಟ್ಟುಕೊಟ್ಟಿರುತ್ತದೆ, ಉಳಿದವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆಗ ಶಿಖರ ಎರಡು ಎಲೆಕ್ಟ್ರಾನ್‌ವೋಲ್ಟಿನ ಹತ್ತಿರ ಮೇಲೆ ಸರಿಯುತ್ತದೆ. ಎರಡು ಶಿಖರಗಳ ಎತ್ತರದ ಅನುಪಾತದಿಂದ ಆಕ್ಸೈಡಿನ ದಪ್ಪವನ್ನು ಲೆಕ್ಕ ಹಾಕುತ್ತಾರೆ. ಆಳದಿಂದ ಹೊರಟ ಎಲೆಕ್ಟ್ರಾನುಗಳು ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುವುದರಿಂದ ಈ ಯಂತ್ರ ನೋಡುವುದು ಮೇಲಿನ ಐದರಿಂದ ಹತ್ತು ನ್ಯಾನೋಮೀಟರ್ ಮಾತ್ರ. ಎಕ್ಸ್‌ಆರ್‌ಎಫ್ ಬಾವಿಯೊಳಗೆ ಇಣುಕಿದರೆ ಎಕ್ಸ್‌ಪಿಎಸ್ ನೀರಿನ ಮೇಲಿನ ಪಾಚಿಯನ್ನು ನೋಡುತ್ತದೆ. ಕಪ್ಪು ಮಚ್ಚೆ ತಾಮ್ರದ ಆಕ್ಸೈಡೋ, ಬೆಳ್ಳಿಯ ಸಲ್ಫೈಡೋ, ಬರಿಯ ದೀಪದ ಮಸಿಯೋ ಎಂದು ಖಚಿತವಾಗಿ ಬೇರ್ಪಡಿಸುವುದು ಇದೇ.

ಇದರ ಮಿತಿಯೂ ಸಣ್ಣದಲ್ಲ. ಮಾದರಿ ಬೆರಳ ತುದಿಯಷ್ಟಿರಬೇಕು, ಗಾಳಿಯಿಲ್ಲದ ಕೋಶದೊಳಗೆ ಹೋಗಬೇಕು. ಪ್ರತಿಷ್ಠೆಯಾದ ಜಿನಬಿಂಬವನ್ನು ಅಲ್ಲಿಗೆ ಒಯ್ಯುವಂತಿಲ್ಲ, ಅದರಿಂದ ಚೂರು ಕೆತ್ತುವ ಮಾತೇ ಇಲ್ಲ. ತಾನಾಗಿ ಉದುರಿದ ಲೇಪದ ಹಕ್ಕಳೆ, ಸಡಿಲಾದ ಮೊಳೆ, ಬದಲಿಸಿದ ಪ್ರಭಾವಳಿಯ ತುಣುಕು ಇವು ಸಿಕ್ಕರೆ ಮಾತ್ರ ಪರೀಕ್ಷೆ ಸಾಧ್ಯ. ಹಾಗಾಗಿ ಉದುರಿದ್ದನ್ನು ಗುಡಿಸಿ ಎಸೆಯದೆ, ದಿನಾಂಕ ಬರೆದು ಕಾಗದದಲ್ಲಿ ಕಟ್ಟಿಡಬೇಕು. ಬಿಂಬವನ್ನೇ ನೋಡಬೇಕಿದ್ದರೆ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವನ್ನು ಶುಚಿರ್ಭೂತರಾದವರೇ ಹಿಡಿದು, ವೇದಿಯಿಂದ ಕದಲಿಸದೆ ಪರೀಕ್ಷಿಸಬಹುದು.

ವಿದ್ಯುತ್ ರಾಸಾಯನಿಕ ವಿಧಾನದ ಬಗ್ಗೆ ಒಂದೇ ಮಾತು. ಆಮ್ಲದಲ್ಲಿ ಚಿನ್ನದ ಮೇಲೆ ಒಂದು ಪದರ ಆಕ್ಸೈಡ್ ಕಟ್ಟಿಸಿ ಮತ್ತೆ ಕಳಚುವಾಗ ಚದರ ಸೆಂಟಿಮೀಟರಿಗೆ ಸುಮಾರು 400 ಮೈಕ್ರೋಕೂಲಂ ವಿದ್ಯುದಂಶ ಹರಿಯುತ್ತದೆ. ಇದು ಪ್ರಯೋಗಾಲಯದ ತಗಡುಗಳಿಗೆ ಸರಿ, ಪೂಜೆಯ ವಸ್ತುಗಳಿಗಲ್ಲ.

ಕೊಟ್ಟ ಚಿನ್ನದ ಲೆಕ್ಕ

ಮೋಸ ಆಗಿದೆಯೇ ಎಂಬ ಪ್ರಶ್ನೆಗೆ ಯಂತ್ರಕ್ಕಿಂತ ಮೊದಲು ಒಂದು ಸರಳ ಗಣಿತ ಇದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಆದ್ದರಿಂದ ಒಂದು ಚದರ ಮೀಟರ್ ಮೈಗೆ ಒಂದು ಮೈಕ್ರಾನ್ ದಪ್ಪ ಲೇಪ ಮಾಡಲು ಬೇಕಾಗುವ ಚಿನ್ನ 19.3 ಗ್ರಾಂ. ಎರಡು ಚದರ ಮೀಟರ್ ಮೈಯಿರುವ ಕಲಶಕ್ಕೆ ದಾನಿಗಳು 40 ಗ್ರಾಂ ಕೊಟ್ಟಿದ್ದರೆ, ಪೂರ್ತಿ ಹಚ್ಚಿದರೂ ಬರುವುದು ಒಂದು ಮೈಕ್ರಾನ್ ಮಾತ್ರ. ಅಷ್ಟು ತೆಳುಲೇಪ ಮಳೆ ಬಿಸಿಲಿನಲ್ಲಿ ಹಲವು ದಶಕ ಹೊಳೆಯಬೇಕೆಂಬ ನಿರೀಕ್ಷೆಯೇ ತಪ್ಪು; ಅಕ್ಕಸಾಲಿಯದಲ್ಲ. ಬದಲಿಗೆ 200 ಗ್ರಾಂ ಕೊಟ್ಟು, ಅಳತೆಯಲ್ಲಿ ಅರ್ಧ ಮೈಕ್ರಾನ್ ಬಂದರೆ ಆಗ ಪ್ರಶ್ನೆ ಕೇಳಲೇಬೇಕು. ಕಲಶದ ಮೈಯ ವಿಸ್ತೀರ್ಣ ತಿಳಿಯಲು ಹಳೆಯ ಪತ್ರಿಕೆಯ ಹಾಳೆಗಳನ್ನು ಸುತ್ತಿ ಕತ್ತರಿಸಿ ಅಳೆದರೆ ಸಾಕು.

ಹಾಲ್‌ಮಾರ್ಕ್ ಇದಕ್ಕೆ ಉತ್ತರವಲ್ಲ. ಅದು ಹೇಳುವುದು ಚಿನ್ನದ ಶುದ್ಧತೆಯನ್ನು, ಲೇಪದ ದಪ್ಪವನ್ನಲ್ಲ. ದಾನವಾಗಿ ಬಂದ ಒಡವೆಯ ಶುದ್ಧತೆಯ ಬಗ್ಗೆಯೇ ತಕರಾರು ಬಂದರೆ ಕೊನೆಯ ಮಾತು ಇಂದಿಗೂ ಬೆಂಕಿಯದೇ. ಮಾದರಿಯನ್ನು ಸೀಸದೊಂದಿಗೆ ಕರಗಿಸಿ ಕೀಳು ಲೋಹಗಳನ್ನು ಆಕ್ಸೈಡ್ ಮಾಡಿ ತೆಗೆದು, ಬೆಳ್ಳಿಯನ್ನು ಆಮ್ಲದಲ್ಲಿ ಬೇರ್ಪಡಿಸಿ, ಉಳಿದ ಚಿನ್ನ ತೂಗುವ ಈ ವಿಧಾನವನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 1418ರಲ್ಲಿ ನಿಗದಿ ಮಾಡಿದೆ. ಹೊರಮೈಯಲ್ಲಿ ಚಿನ್ನ ಏರಿಸಿದ ಹಳೆಯ ಒಡವೆಗಳಲ್ಲಿ ಎಕ್ಸ್‌ಆರ್‌ಎಫ್ ಹೆಚ್ಚು ತೋರಿಸಿ ಮೋಸಗೊಳಿಸಬಲ್ಲದು. ಬೆಂಕಿ ಹಾಗೆ ಮಾಡುವುದಿಲ್ಲ.

ಉಜ್ಜಿದರೆ ಹೋಗುವುದೇನು

ಮಚ್ಚೆ ಕಂಡ ಕೂಡಲೇ ಹುಣಸೆಹಣ್ಣು, ನಿಂಬೆ, ಪಾತ್ರೆ ಬೆಳಗುವ ಪುಡಿ ಕೈಗೆ ಬರುತ್ತವೆ. ಉಜ್ಜಿದ ದಿನ ಫಳಫಳ ಹೊಳೆಯುವುದೂ ನಿಜ. ಹುಳಿ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ. ಜೊತೆಗೆ ರಂಧ್ರದೊಳಗೆ ಇಳಿದು ಹೊಸ ತಾಮ್ರವನ್ನು ತಿನ್ನಲು ಶುರುಮಾಡುತ್ತದೆ, ಹಾಗಾಗಿ ಮುಂದಿನ ಮಚ್ಚೆ ಮೊದಲಿನದಕ್ಕಿಂತ ಬೇಗ ಬರುತ್ತದೆ. ಪುಡಿ ಇನ್ನೂ ಕೆಟ್ಟದ್ದು. ಅದರಲ್ಲಿನ ಗಟ್ಟಿ ಕಣಗಳು ಮೆತ್ತನೆಯ ಚಿನ್ನವನ್ನೇ ಕೆರೆದು ತೆಗೆಯುತ್ತವೆ. ಹಬ್ಬಕ್ಕೊಮ್ಮೆ ಉಜ್ಜುತ್ತ ಹೋದರೆ ಬಿಂಬದ ಮೂಗು, ಭುಜ, ಮಂಡಿ ಇಂಥ ಉಬ್ಬಿದ ಜಾಗಗಳಲ್ಲಿ ಮೊದಲು ತಾಮ್ರ ಇಣುಕುತ್ತದೆ. ಚಿನ್ನ ಬಟ್ಟೆಗೆ ಹತ್ತಿ ತೊಳೆದ ನೀರಿನಲ್ಲಿ ಹೋಗಿರುತ್ತದೆ. ಹಳೆಯ ಬಿಂಬಗಳಲ್ಲಿ ಇದರ ಜೊತೆಗೆ ಪೀಠದ ಶಾಸನದ ಅಕ್ಷರಗಳೂ ಸವೆಯುತ್ತವೆ, ಅದನ್ನು ಮತ್ತೆ ಯಾವ ಲೇಪವೂ ತಂದುಕೊಡುವುದಿಲ್ಲ.

ಪಂಚಾಮೃತ ಅಭಿಷೇಕವಾದ ಮೇಲೆ ಸಾಕಷ್ಟು ಶುದ್ಧ ನೀರಿನಿಂದ ತೊಳೆದು, ಸಂದುಗಳಲ್ಲಿ ಹಾಲು, ಗಂಧ ಉಳಿಯದಂತೆ ನೋಡಿ, ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಒತ್ತಿ ಒರೆಸಬೇಕು, ತಿಕ್ಕಬಾರದು. ಕೊಳವೆಬಾವಿಯ ಗಡಸು ನೀರಿಗಿಂತ ಸೋಸಿದ ಮಳೆನೀರು ಅಥವಾ ಸಿಹಿನೀರಿನ ಬಾವಿಯ ನೀರು ಮೇಲು. ಹೆಚ್ಚಿನ ಅರ್ಚಕರು, ಇಂದ್ರರು ಇದನ್ನು ಪರಂಪರೆಯಿಂದಲೇ ಬಲ್ಲರು. ಅವಸರದ ಉತ್ಸವದ ದಿನಗಳಲ್ಲಿ ಕೈ ತಪ್ಪುವುದೇ ಹೆಚ್ಚು. ಬಟ್ಟೆಗೆ ಮಸಿ ಹತ್ತಿ ಮಚ್ಚೆ ಹೋದರೆ ಅದು ದೀಪದ ಹೊಗೆ, ಚಿಂತೆ ಬೇಡ. ಹೋಗದಿದ್ದರೆ ಅಲ್ಲಿಗೇ ಬಿಟ್ಟು ತಿಳಿದವರನ್ನು ಕೇಳಬೇಕು. ಲಖನೌನಲ್ಲಿ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಪ್ರಯೋಗಾಲಯವಿದೆ, ಮೈಸೂರಿನಲ್ಲಿ ಅದರ ಪ್ರಾದೇಶಿಕ ಶಾಖೆ. ನೂರು ವರ್ಷ ದಾಟಿದ ಲೋಹದ ಬಿಂಬ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು ಎಂಬುದನ್ನೂ, ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅಲ್ಲಿನ ಅನುಮತಿ ಬೇಕೆಂಬುದನ್ನೂ ಸಮಿತಿ ಮರೆಯುವಂತಿಲ್ಲ.

ಹೊಸದಾಗಿ ಲೇಪ ಮಾಡಿಸುವವರು ಕರಾರಿನಲ್ಲಿ ನಾಲ್ಕು ಸಂಗತಿ ಬರೆಸಿಕೊಂಡರೆ ಮುಂದಿನ ಅನುಮಾನಕ್ಕೆ ಎಡೆಯಿರುವುದಿಲ್ಲ: ಅಡಿಯ ಲೋಹ ಯಾವುದು, ನಡುವೆ ತಡೆಪದರ ಇದೆಯೇ, ಮೈಯ ವಿಸ್ತೀರ್ಣ ಎಷ್ಟು, ಲೇಪ ಎಷ್ಟು ಮೈಕ್ರಾನ್. ಅದೇ ತೊಟ್ಟಿಯಲ್ಲಿ ಅದೇ ದಿನ ಲೇಪ ಮಾಡಿದ ಎರಡು ಬೆರಳಗಲದ ತಾಮ್ರದ ತಗಡೊಂದನ್ನು ಕೇಳಿ ಪಡೆದು ಬಸದಿಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಹತ್ತು ವರ್ಷದ ನಂತರ ಪ್ರಶ್ನೆ ಎದ್ದರೆ ಪ್ರಯೋಗಾಲಯಕ್ಕೆ ಹೋಗುವುದು ಆ ತಗಡು, ಬಿಂಬವಲ್ಲ.